ಶಿಬಿರದಲ್ಲಿ ಹೆರಿಗೆ ನೋವು ಬಂದರೆ?

ಪ್ರಶ್ನೆ: ಯುದ್ಧ, ಪ್ರವಾಹದ ಹೊತ್ತಿನಲ್ಲಿ ಊಟ, ನೀರು, ಟೆಂಟ್ ಮೊದಲು ಬೇಕು. ಹೆರಿಗೆ, ಗರ್ಭನಿರೋಧಕದ ವಿಷಯ ಆಮೇಲೆ ನೋಡಿದರೆ ಆಗದೇ?

ಉತ್ತರ: ಆಗುವುದಿಲ್ಲ. ಹೆರಿಗೆ ನೋವು ಯಾರಿಗೂ ಕಾಯುವುದಿಲ್ಲ, ಅಲ್ವಾ? ನಾನು ನಿರಾಶ್ರಿತರ ಶಿಬಿರದಲ್ಲಿ ನರ್ಸ್ ಆಗಿದ್ದವಳು. ಒಂದು ರಾತ್ರಿ ಟಾರ್ಚ್ ಬೆಳಕಿನಲ್ಲೇ ಹೆರಿಗೆ ಮಾಡಿಸಿದೆ. ಕೈಯಲ್ಲಿದ್ದದ್ದು ಒಂದು ಸಣ್ಣ ಕಿಟ್: ಪ್ಲಾಸ್ಟಿಕ್ ಹಾಳೆ, ಸೋಪು, ಗ್ಲೌಸ್, ಹೊಸ ಬ್ಲೇಡು, ಹೊಕ್ಕುಳಬಳ್ಳಿಗೆ ಕಟ್ಟುವ ದಾರ, ಮಗುವಿಗೆ ಬಟ್ಟೆ. ಮಗು ಚೆನ್ನಾಗಿ ಅತ್ತಿತು. ತಾಯಿಗೆ ಮಾತ್ರ ರಕ್ತ ನಿಲ್ಲಲೇ ಇಲ್ಲ. ಅಲ್ಲಿ ಕಿಟ್ ಸಾಲದು. ರಕ್ತಸ್ರಾವ ನಿಲ್ಲಿಸುವ ಆಕ್ಸಿಟೋಸಿನ್ ಔಷಧಿ ಬೇಕು, ಕೊಡಲು ರಕ್ತ ಬೇಕು, ಆಸ್ಪತ್ರೆಗೆ ಒಯ್ಯಲು ನಡುರಾತ್ರಿಯೂ ಗಾಡಿ ಬೇಕು. ಅವತ್ತು ಗಾಡಿ ಇತ್ತು, ಅವಳು ಉಳಿದಳು. ಆ ಗಾಡಿಯನ್ನು ಮೊದಲೇ ಗೊತ್ತುಮಾಡಿ ಇಟ್ಟಿದ್ದೆವು.

ಇದಕ್ಕೆಂದೇ 1990ರ ದಶಕದಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ ಕನಿಷ್ಠ ಆರಂಭಿಕ ಸೇವೆಗಳ ಪ್ಯಾಕೇಜ್, ಅಂದರೆ ಮೊದಲು ಕೊಡಲೇಬೇಕಾದ ಇಂಥ ಸೇವೆಗಳ ಪಟ್ಟಿ, ರೂಪಿಸಿದವು. ಸಾಧ್ಯವಾದರೆ ಸಂಕಟ ಎದುರಾದ 48 ಗಂಟೆಯೊಳಗೆ ಅವು ಶುರುವಾಗಬೇಕು. ಗರ್ಭನಿರೋಧಕವೂ ಅದರಲ್ಲಿದೆ. ಮನೆ ಬಿಟ್ಟು ಓಡುವಾಗ ಮಾತ್ರೆಯ ಸ್ಟ್ರಿಪ್ ಯಾರು ಹುಡುಕುತ್ತಾರೆ ಹೇಳಿ?

ಅತ್ಯಾಚಾರಕ್ಕೆ ಒಳಗಾದವರಿಗಂತೂ ಸಮಯವೇ ಎಲ್ಲ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ, ಗರ್ಭ ತಡೆಯುವ ಮಾತ್ರೆ 120 ಗಂಟೆಯೊಳಗೆ ಸಿಗಬೇಕು. ಬೇಗ ಕೊಟ್ಟಷ್ಟೂ ಜಾಸ್ತಿ ಕೆಲಸ ಮಾಡುತ್ತದೆ. ಇಂಥ ದಾಳಿ ಆಗದಂತೆ ತಡೆಯಲು, ಹೆಂಗಸರ ಶೌಚಾಲಯಕ್ಕೆ ಒಳಚಿಲಕ, ದಾರಿಗೆ ದೀಪ ಇದೆಯೇ ಎಂದು ಮೊದಲ ದಿನವೇ ನೋಡಿ. ಅದನ್ನು ನಾನು ಆರೋಗ್ಯ ಸೇವೆ ಎಂದೇ ಎಣಿಸುತ್ತೇನೆ.