‘ನಮಸ್ಕಾರ’ ಮೂಡಿತು, ಪ್ರೋಗ್ರಾಂ ಕೆಟ್ಟು ನಿಂತಿತು

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಮನೆಯ ಲ್ಯಾಪ್‌ಟಾಪಿನ 64 ಬಿಟ್ ಲಿನಕ್ಸ್‌ನಲ್ಲಿ ನ್ಯಾಸ್ಮ್ ಎಂಬ ಅಸೆಂಬ್ಲರ್ ಬಳಸಿ, ‘ನಮಸ್ಕಾರ’ ಎಂದು ತೋರಿಸುವ ಅಸೆಂಬ್ಲಿ ಪ್ರೋಗ್ರಾಂ ಬರೆದಿದ್ದೇನೆ. ನಾಲ್ಕು ಅಕ್ಷರ, ಒಂದು ಹೊಸ ಸಾಲು ಎಂದು ಎಣಿಸಿ ಉದ್ದವನ್ನು 5 ಎಂದು ಕೊಟ್ಟಾಗ ‘ನ’ ಮತ್ತು ಒಂದು ವಿಚಿತ್ರ ಗುರುತು ಮಾತ್ರ ಕಾಣಿಸಿತು. ಸಂಖ್ಯೆಯನ್ನು ಏರಿಸುತ್ತ 22ಕ್ಕೆ ತಂದಾಗ ಪದ ಪೂರ್ತಿ ಬಂತು, ಆದರೆ ಅದರ ಕೆಳಗೆ ‘ಸೆಗ್ಮೆಂಟೇಶನ್ ಫಾಲ್ಟ್’ ಎಂಬ ಸಂದೇಶವೂ ಬಂತು. ಕಾರಣವೇನು? ಲ್ಯಾಬಿನ 8086 (ಇಂಟೆಲ್‌ನ ಹಳೆಯ 16 ಬಿಟ್ ಪ್ರೊಸೆಸರ್) ಪ್ರೋಗ್ರಾಂಗಳನ್ನು ಇಲ್ಲಿಯೇ ಓಡಿಸಬಹುದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಸಂದೇಶ ಪರದೆಯ ಮೇಲೆ ಮೂಡಿದೆ ಎಂದ ಮೇಲೆ ನಿಮ್ಮ ಅಸೆಂಬಲ್ ಮಾಡುವ ಹಂತವೂ ‘ಎಲ್‌ಡಿ’ಯಿಂದ ಲಿಂಕ್ ಮಾಡುವ ಹಂತವೂ ಸರಿಯಾಗಿಯೇ ನಡೆದಿವೆ, ಆ ಆದೇಶಗಳನ್ನು ಬದಲಿಸಲು ಹೋಗಬೇಡಿ.

ಮೊದಲು ಉದ್ದದ ವಿಷಯ. ‘ರೈಟ್’ ಎಂಬ ಸಿಸ್ಟಂ ಕಾಲ್ (ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಪ್ರೋಗ್ರಾಂ ಸಲ್ಲಿಸುವ ಕೋರಿಕೆ) ಅಕ್ಷರಗಳನ್ನು ಎಣಿಸುವುದಿಲ್ಲ, ಬೈಟ್‌ಗಳನ್ನು ಎಣಿಸುತ್ತದೆ. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್ ಬೇಕು, ಮತ್ತು ‘ಸ್ಕಾ’ ಎಂಬುದು ನಮಗೆ ಒಂದೇ ಅಕ್ಷರವಾದರೂ ಕಂಪ್ಯೂಟರಿಗೆ ಅದು ಸ, ಅರ್ಧಾಕ್ಷರದ (ವಿರಾಮ) ಚಿಹ್ನೆ, ಕ, ದೀರ್ಘದ ಚಿಹ್ನೆ ಎಂಬ ನಾಲ್ಕು ಸಂಕೇತಗಳು. ಹೀಗೆ ಇಡೀ ಪದದಲ್ಲಿ 7 ಸಂಕೇತಗಳಿದ್ದು 21 ಬೈಟ್ ಆಗುತ್ತದೆ, ಹೊಸ ಸಾಲಿನ 1 ಸೇರಿ 22. ನೀವು 5 ಎಂದಾಗ ‘ನ’ ಪೂರ್ತಿಯಾಗಿ ಹೋಗಿ, ‘ಮ’ದ ಮೂರು ಬೈಟ್‌ಗಳಲ್ಲಿ ಎರಡು ಮಾತ್ರ ಹೋದವು, ಆ ವಿಚಿತ್ರ ಗುರುತು ಅದೇ ಅರ್ಧ ‘ಮ’. ಇದನ್ನು ಕೈಯಲ್ಲಿ ಎಣಿಸುವ ಗೊಡವೆಯೇ ಬೇಡ: ಸಂದೇಶದ ಮರುಸಾಲಿನಲ್ಲಿ ‘ಈಕ್ಯೂಯು’ ಬಳಸಿ, ಡಾಲರ್ ಚಿಹ್ನೆಯಿಂದ ಸಂದೇಶದ ಹೆಸರನ್ನು ಕಳೆದರೆ ನ್ಯಾಸ್ಮ್ ತಾನೇ ಲೆಕ್ಕ ಹಾಕುತ್ತದೆ.

ಇನ್ನು ‘ಸೆಗ್ಮೆಂಟೇಶನ್ ಫಾಲ್ಟ್’ ಎಂಬ ದೋಷದ ವಿಷಯ. ನಿಮ್ಮ ಪ್ರೋಗ್ರಾಂ ‘ರೈಟ್’ಗಾಗಿ ಮಾಡಿದ ‘ಸಿಸ್‌ಕಾಲ್’ನಲ್ಲೇ ಮುಗಿದಿರಬೇಕು. ಅಲ್ಲಿಗೆ ಕೆಲಸ ಮುಗಿಯಿತೆಂದು ನಮಗೆ ಗೊತ್ತು, ಪ್ರೊಸೆಸರಿಗೆ ಗೊತ್ತಿಲ್ಲ. ಅದು ಮುಂದಿನ ಬೈಟ್‌ಗಳನ್ನೂ ಸೂಚನೆಗಳೆಂದೇ ಓದುತ್ತದೆ. ಅಲ್ಲಿ ಸಾಮಾನ್ಯವಾಗಿ ಸೊನ್ನೆಗಳಿರುತ್ತವೆ, ಮತ್ತು ಎರಡು ಸೊನ್ನೆ ಬೈಟ್‌ಗಳ ಜೋಡಿಗೆ ‘ಆರ್‌ಎಎಕ್ಸ್ ಸೂಚಿಸುವ ವಿಳಾಸದಲ್ಲಿರುವ ಬೈಟ್‌ಗೆ ಎಎಲ್ ಅನ್ನು ಕೂಡಿಸು’ ಎಂಬ ಅರ್ಥವಿದೆ (ಆರ್‌ಎಎಕ್ಸ್ ಎಂಬುದು ಪ್ರೊಸೆಸರಿನೊಳಗೆ ಸಂಖ್ಯೆ ಇಡುವ ಒಂದು ಜಾಗ, ಅಂದರೆ ರಿಜಿಸ್ಟರ್; ಎಎಲ್ ಅದರ ಕೊನೆಯ ಬೈಟ್). ‘ರೈಟ್’ ತಾನು ಬರೆದ ಬೈಟ್‌ಗಳ ಸಂಖ್ಯೆಯನ್ನು ಆರ್‌ಎಎಕ್ಸ್‌ನಲ್ಲೇ ಹಿಂದಿರುಗಿಸುವುದರಿಂದ ಆಗ ಅದರಲ್ಲಿರುವುದು 22. ವಿಳಾಸ 22 ನಿಮ್ಮ ಪ್ರೋಗ್ರಾಂಗೆ ಸೇರಿದ್ದಲ್ಲವಾದ್ದರಿಂದ ಕರ್ನಲ್ ಅದನ್ನು ಅಲ್ಲಿಯೇ ನಿಲ್ಲಿಸುತ್ತದೆ. ಜಿಡಿಬಿ ಎಂಬ ದೋಷಶೋಧಕದಲ್ಲಿ (ಡಿಬಗ್ಗರ್) ‘ಸ್ಟೆಪ್‌ಐ’ ಆದೇಶದಿಂದ ಒಂದೊಂದೇ ಸೂಚನೆ ನಡೆಸಿ ಇದನ್ನು ಕಣ್ಣಾರೆ ನೋಡಿ. ಪಠ್ಯದ ಒಂದು ಅಧ್ಯಾಯ ಓದುವುದಕ್ಕಿಂತ ಅದು ಲೇಸು. ಪರಿಹಾರ ಮೂರೇ ಸಾಲಿನದು: ಆರ್‌ಎಎಕ್ಸ್‌ಗೆ ಪ್ರೋಗ್ರಾಂ ಮುಗಿಸುವ ಸಿಸ್ಟಂ ಕಾಲ್ ‘ಎಕ್ಸಿಟ್’ನ ಸಂಖ್ಯೆ 60, ಆರ್‌ಡಿಐ ರಿಜಿಸ್ಟರಿಗೆ 0, ಬಳಿಕ ‘ಸಿಸ್‌ಕಾಲ್’. ಹಳೆಯ 32 ಬಿಟ್ ಪಾಠಗಳಲ್ಲಿ ‘ಎಕ್ಸಿಟ್’ಗೆ 1, ‘ರೈಟ್’ಗೆ 4 ಎಂದಿರುತ್ತದೆ, ಆ ಸಂಖ್ಯೆಗಳು ‘ಇಂಟ್ 80ಎಚ್’ ಜೊತೆಗೆ ಸಲ್ಲುವಂಥವು, ಇವೆರಡನ್ನೂ ಬೆರೆಸಬಾರದು.

ಲ್ಯಾಬಿನ ಪ್ರೋಗ್ರಾಂಗಳು ‘ಇಂಟ್ 21ಎಚ್’ ಮೂಲಕ ಹಳೆಯ ಆಪರೇಟಿಂಗ್ ಸಿಸ್ಟಂ ಆದ ಡಾಸ್‌ನ ಸೇವೆಗಳನ್ನು ಕೇಳುತ್ತವೆ. ಲಿನಕ್ಸ್‌ನಲ್ಲಿ ಆ ಸೇವೆಗಳಿಲ್ಲದ ಕಾರಣ ಅವು ಅಲ್ಲಿ ನೇರವಾಗಿ ಓಡುವುದಿಲ್ಲ. ಡಾಸ್‌ಬಾಕ್ಸ್ (ಡಾಸ್ ಪರಿಸರವನ್ನು ಅನುಕರಿಸುವ ತಂತ್ರಾಂಶ) ಹಾಕಿಕೊಂಡು, ಲ್ಯಾಬಿನಲ್ಲಿ ಬಳಸುವ ಅಸೆಂಬ್ಲರನ್ನು ಅದರೊಳಗೇ ನಡೆಸಿ. ಆ ಪ್ರೋಗ್ರಾಂಗಳ ಕೊನೆಯಲ್ಲಿ ಎಎಚ್‌ಗೆ 4ಸಿಎಚ್ ತುಂಬಿ ಮತ್ತೆ ‘ಇಂಟ್ 21ಎಚ್’ ಕರೆಯುವ ಸಾಲುಗಳನ್ನು ಗಮನಿಸಿ: ಅಲ್ಲಿನ ‘ಎಕ್ಸಿಟ್’ ಅದೇ.

ತಿದ್ದಿದ ಪ್ರೋಗ್ರಾಂ ಸರಿಯಾಗಿ ಮುಗಿಯಿತೇ ಎಂದು ತಿಳಿಯಲು, ಅದನ್ನು ಓಡಿಸಿದ ಕೂಡಲೇ ಟರ್ಮಿನಲ್‌ನಲ್ಲಿ ‘ಎಕೋ’ ಎಂದು ಬರೆದು ಡಾಲರ್ ಚಿಹ್ನೆ ಮತ್ತು ಪ್ರಶ್ನಾರ್ಥಕ ಚಿಹ್ನೆಯನ್ನು ಕೂಡಿಸಿ ಕೊಡಿ. ನೀವು ಆರ್‌ಡಿಐಗೆ ಹಾಕಿದ 0 ಅಲ್ಲಿ ಕಾಣಬೇಕು. ಬದಲಿಗೆ 42 ಹಾಕಿದರೆ 42 ಕಾಣುತ್ತದೆ. 255ಕ್ಕಿಂತ ದೊಡ್ಡ ಸಂಖ್ಯೆ ಹಾಕಿದರೆ ಅದರ ಕೊನೆಯ 8 ಬಿಟ್ ಮಾತ್ರ ಉಳಿಯುವುದರಿಂದ, 256 ಕೊಟ್ಟಾಗ 0 ಬಂದರೆ ಗಾಬರಿಯಾಗಬೇಡಿ.