2027ರ ಐಫೋನ್ ಸುತ್ತಲೂ ಬಾಗಿದ ಗಾಜಿನದ್ದಂತೆ. ಅದಕ್ಕೆ ಕಾಯಲೇ, ಈಗಲೇ ಕರ್ವ್ಡ್ ಡಿಸ್ಪ್ಲೇ ಫೋನ್ ಕೊಳ್ಳಲೇ?

ನೀವು ಕೇಳಿದ್ದು ಎರಡು. 2027ರ ಐಫೋನ್ ಬಗ್ಗೆ ಹಬ್ಬಿರುವ ಸುದ್ದಿ ನಂಬಿ ಕಾಯಬೇಕೆ ಅನ್ನುವುದು ಒಂದು. ಕಾಯದಿದ್ದರೆ ಮೂವತ್ತು ಸಾವಿರದೊಳಗಿನ ಕರ್ವ್ಡ್, ಅಂದರೆ ಅಂಚು ಬಾಗಿದ ಪರದೆಯ ಫೋನ್ ತೆಗೆದುಕೊಳ್ಳಬಹುದೆ, ಅದನ್ನು ಕಂಡರೆ ಜನ ಯಾಕಿಷ್ಟು ಬೈಯುತ್ತಾರೆ ಅನ್ನುವುದು ಇನ್ನೊಂದು. ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಕವರ್, ಪರದೆ ಕಾಯಲು ಮೇಲೆ ಹಾಕುವ ಗ್ಲಾಸ್, ಸಣ್ಣಪುಟ್ಟ ರಿಪೇರಿಯ ಅಂಗಡಿ ಇಟ್ಟವನು. ಫೋನ್ ಮಾರುವುದಿಲ್ಲ, ಮಾರಾಟವಾದ ಮೇಲೆ ಅದು ಬರುವುದು ನನ್ನ ಟೇಬಲ್ಲಿಗೆ. ಹಾಗಾಗಿ ನನ್ನ ಮಾತು ಆ ಕಡೆಗೇ ವಾಲಿರುತ್ತದೆ, ಅದನ್ನು ಲೆಕ್ಕಕ್ಕಿಟ್ಟುಕೊಂಡೇ ಓದಿ.

ಕಾಯಬೇಡಿ. ಬಜೆಟ್ ಮೂವತ್ತು ಸಾವಿರ ಅಂದರೆ ಫ್ಲಾಟ್, ಸಪಾಟು ಡಿಸ್ಪ್ಲೇದೇ ತೆಗೆದುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಗಾಳಿಸುದ್ದಿ. ಫೋನಿನ ಒಳಗಿನ ಸಂಗತಿ ಎಷ್ಟೋ ಗುಟ್ಟಾಗಿ ಉಳಿದೀತು, ಹೊರಗಿನ ಆಕಾರ ಉಳಿಯುವುದಿಲ್ಲ. ಕ್ಯಾಮೆರಾ ಎಲ್ಲಿ, ಬಟನ್ ಎಲ್ಲಿ, ಅಂಚು ಎಷ್ಟು ದಪ್ಪ ಅನ್ನುವುದು ಕವರ್ ಮಾಡುವವರಿಗೆ ಬಿಡುಗಡೆಗೆ ಮುಂಚೆಯೇ ಗೊತ್ತಾಗಬೇಕು. ಫೋನ್ ಬಂದ ವಾರ ಕವರ್ ಅಂಗಡಿಯಲ್ಲಿ ಇಲ್ಲದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋದ ಅಂತಲೇ ಲೆಕ್ಕ. ಹಾಗಾಗಿ ಅಳತೆಗಳು ಕೈಯಿಂದ ಕೈಗೆ ದಾಟುತ್ತವೆ. ಅದರ ಮೇಲೆ ಯಾರೋ ಚಿತ್ರ ಬರೆಯುತ್ತಾರೆ, ಯಾರೋ ಆಕಾರವಷ್ಟೇ ಇರುವ ಡಮ್ಮಿ ಫೋನ್ ಮಾಡುತ್ತಾರೆ, ಯೂಟ್ಯೂಬಿನವರು ಆ ಡಮ್ಮಿ ಹಿಡಿದು ವಿಡಿಯೊ ಮಾಡುತ್ತಾರೆ. ನಮಗೆ ಮಾಲು ಬರುವುದು ಹೈದರಾಬಾದಿನ ಆಬಿಡ್ಸ್‌ನ ಜಗದೀಶ್ ಮಾರ್ಕೆಟ್‌ನಿಂದ. ಅಲ್ಲಿನ ಸಗಟು ವ್ಯಾಪಾರಿಗಳ ವಾಟ್ಸಾಪ್ ಪಟ್ಟಿಯಲ್ಲಿ ಇನ್ನೂ ಹುಟ್ಟದ ಫೋನಿನ ಕವರಿಗೂ ರೇಟು ಇರುತ್ತದೆ! ಬಿಡುಗಡೆಗೆ ಎರಡು ಮೂರು ತಿಂಗಳಿರುವಾಗ ಬರುವ ಆಕಾರದ ಸುದ್ದಿ ಬಹುಪಾಲು ನಿಜವಾಗುವುದು ಇದಕ್ಕೇ.

ಎರಡು ವರ್ಷ ಮುಂಚೆ ಬರುವ ಸುದ್ದಿಯ ಜಾತಿಯೇ ಬೇರೆ. ಕಂಪನಿ ಏನನ್ನು ಮಾಡಿ ನೋಡುತ್ತಿದೆ ಅನ್ನುವಷ್ಟೇ ಅದರಲ್ಲಿರುತ್ತದೆ. ನೀವು ಓದಿದ ಸುದ್ದಿಯ ಮೂಲ ಬ್ಲೂಮ್‌ಬರ್ಗ್‌ನ ಮಾರ್ಕ್ ಗುರ್ಮನ್ 2025ರ ಮೇ ತಿಂಗಳಲ್ಲಿ ಬರೆದದ್ದು. ಮೊದಲ ಐಫೋನ್ 2007ರಲ್ಲಿ ಬಂತಲ್ಲ, ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಬಹುತೇಕ ಗಾಜಿನದ್ದೇ ಆದ, ಬಾಗಿದ, ಪರದೆಯಲ್ಲಿ ತೂತಿಲ್ಲದ ಫೋನ್ ತರುವ ಯೋಚನೆ ಆಪಲ್‌ನದ್ದು ಅಂತ. ಆ ಮನುಷ್ಯನ ಸುದ್ದಿ ಸುಳ್ಳಾಗುವುದು ಕಡಿಮೆ, ಒಪ್ಪುತ್ತೇನೆ. ಆದರೆ 2013ರ ನವೆಂಬರ್‌ನಲ್ಲೂ ಅದೇ ಬ್ಲೂಮ್‌ಬರ್ಗ್ ಹೀಗೇ ಒಂದು ಸುದ್ದಿ ಕೊಟ್ಟಿತ್ತು: ಮುಂದಿನ ವರ್ಷ 4.7 ಇಂಚು ಮತ್ತು 5.5 ಇಂಚಿನ ಎರಡು ಐಫೋನ್ ಬರುತ್ತವೆ, ಗಾಜು ಅಂಚಿನಲ್ಲಿ ಕೆಳಕ್ಕೆ ಬಾಗಿರುತ್ತದೆ. 2014ರ ಸೆಪ್ಟೆಂಬರ್‌ನಲ್ಲಿ ಐಫೋನ್ 6, 6 ಪ್ಲಸ್ ಬಂದವು. ಅಳತೆ ಅಕ್ಷರಶಃ ಸರಿ. ಗಾಜೂ ಅಂಚಿನಲ್ಲಿ ಒಂದಿಷ್ಟು ಇಳಿದಿತ್ತು, ಸುಳ್ಳಲ್ಲ. ಆದರೆ ಕೆಳಗಿನ ಪರದೆ ಸಪಾಟಾಗೇ ಇತ್ತು, ಸುದ್ದಿ ಓದಿ ಜನ ಮನಸ್ಸಿನಲ್ಲಿ ಬರೆದುಕೊಂಡ ಚಿತ್ರಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. 2027ರದ್ದೂ ಹಾಗೇ ಆಗುತ್ತದೆ ಅನ್ನುತ್ತಿಲ್ಲ. ಸುದ್ದಿ ಪೂರ್ತಿ ನಿಜವಾದರೂ ನೀವು ಕಾಯುತ್ತಿರುವ ಫೋನ್ ಬಾರದೇ ಇರಬಹುದು ಅನ್ನುತ್ತಿದ್ದೇನೆ. ಬಂದರೂ ಅದರ ಬೆಲೆ ಮೂವತ್ತು ಸಾವಿರವಂತೂ ಇರದು.

ತೋರಿಸಿ ಮಾಯವಾದದ್ದೂ ಉಂಟು. 2019ರಲ್ಲಿ ಶಿಯೋಮಿ ಮೀ ಮಿಕ್ಸ್ ಆಲ್ಫಾ ಅಂತ ಒಂದನ್ನು ವೇದಿಕೆ ಮೇಲೆ ತೋರಿಸಿತು. ಪರದೆ ಮುಂದಿನಿಂದ ಹೊರಟು ಪಕ್ಕ ಸುತ್ತಿ ಬೆನ್ನಿಗೇ ಹೋಗುತ್ತಿತ್ತು. ಬೆಲೆ 19,999 ಯುವಾನ್ ಅಂತಲೂ ಹೇಳಿದರು, ಮರುವರ್ಷ ಕೈಬಿಟ್ಟರು.

ಈಗ ಬಾಗಿದ ಫೋನುಗಳ ವಿಷಯ. ಇದರಲ್ಲಿ ಎರಡು ಮೂರು ಬಗೆ ಇವೆ, ಸುದ್ದಿ ಬರೆಯುವವರು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಫೋನೇ ಬಾಗಿದ್ದು ಒಂದು ಬಗೆ. 2013ರ ಎಲ್‌ಜಿ ಜಿ ಫ್ಲೆಕ್ಸ್ ಮೇಲಿಂದ ಕೆಳಕ್ಕೆ ಕೆನ್ನೆಯ ಅಳತೆಗೆ ಬಾಗಿತ್ತು, ಅದೇ ವರ್ಷದ ಸ್ಯಾಮ್‌ಸಂಗ್ ಗ್ಯಾಲಕ್ಸಿ ರೌಂಡ್ ಅಡ್ಡಡ್ಡಕ್ಕೆ ಬಾಗಿತ್ತು. ರೌಂಡ್ ಒಂದಕ್ಕೇ ನಿಂತಿತು, ಫ್ಲೆಕ್ಸ್ 2015ರ ಎರಡನೆಯದಕ್ಕೆ ನಿಂತಿತು. ಇನ್ನೊಂದು, ಪರದೆಯೇ ಎಡಬಲಕ್ಕೆ ಇಳಿದಿರುವುದು, ನಾವು ಅಂಗಡಿಯಲ್ಲಿ ಕರ್ವ್ ಅನ್ನುವುದು ಇದನ್ನೇ. 2014ರ ಗ್ಯಾಲಕ್ಸಿ ನೋಟ್ ಎಡ್ಜ್‌ನಲ್ಲಿ ಒಂದೇ ಕಡೆ ಇಳಿದಿತ್ತು, 2015ರ ಎಸ್6 ಎಡ್ಜ್‌ನಲ್ಲಿ ಎರಡೂ ಕಡೆ. ಮೂರನೆಯದು, ಪರದೆ ಸಪಾಟು, ಮೇಲಿನ ಗಾಜಿನ ತುದಿಯನ್ನಷ್ಟೇ ಉಜ್ಜಿ ದುಂಡಗೆ ಮಾಡಿದ್ದು. ಇದರಿಂದ ಯಾರಿಗೂ ತಕರಾರಿಲ್ಲ. ಈಚೆಗೆ ನಾಲ್ಕೂ ಕಡೆ ಚೂರೇ ಚೂರು ಇಳಿಸಿದವೂ ಬಂದಿವೆ, 2025ರ ಜನವರಿಯಲ್ಲಿ ನಮ್ಮಲ್ಲಿ ಬಂದ ಒನ್‌ಪ್ಲಸ್ 13 ಅಂಥದ್ದು.

ಬಗ್ಗಿಸಲು ಸಾಧ್ಯವಾದದ್ದು ಓಎಲ್ಇಡಿ ಅನ್ನುವ ಬಗೆಯ ಪರದೆಯಿಂದ. ಎಲ್‌ಸಿಡಿಗೆ ಹಿಂದಿನಿಂದ ಬೆಳಕು ಕೊಡಬೇಕು, ಎರಡು ಗಾಜಿನ ನಡುವೆ ದ್ರವ ನಿಲ್ಲಬೇಕು, ಅದನ್ನು ಅಂಚಿನಲ್ಲಿ ಮಡಚಲಾಗದು. ಓಎಲ್ಇಡಿಯ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ತೆಳು ಪ್ಲಾಸ್ಟಿಕ್ ಹಾಳೆಯ ಮೇಲೂ ಕೂರುತ್ತದೆ. ಮೇಲಿನ ಗಾಜನ್ನು ಕಾಯಿಸಿ ಅಚ್ಚಿನಲ್ಲಿ ಬಗ್ಗಿಸಿ ಅಂಟಿಸಿದರೆ ಆಯಿತು. ಪಕ್ಕದ ಕಪ್ಪು ಅಂಚು ಕಣ್ಣಿಗೆ ಬೀಳದಂತೆ ಕೆಳಕ್ಕೆ ಹೋಯಿತು, ಅಗಲದ ಫೋನೂ ಕೈಯಲ್ಲಿ ಸಪೂರ ಅನ್ನಿಸಿತು. ಎಸ್6 ಎಡ್ಜ್ ಬಂದಾಗ ಬೇಡಿಕೆಗೆ ತಕ್ಕಷ್ಟು ಫೋನ್ ಮಾಡಲು ಸ್ಯಾಮ್‌ಸಂಗ್‌ಗೆ ಆಗಲಿಲ್ಲ. 2017ರ ಎಸ್8 ಹೊತ್ತಿಗೆ ಸಪಾಟು ಬೇಕು ಅಂದರೂ ಆ ಸಾಲಿನಲ್ಲಿ ಸಿಗುತ್ತಿರಲಿಲ್ಲ. 2019ರಲ್ಲಿ ಹುವಾವೇ ಮೇಟ್ 30 ಪ್ರೊ, ವಿವೊ ನೆಕ್ಸ್ 3 ಬಂದವು. ಅವುಗಳ ಪರದೆ ಪಕ್ಕದಲ್ಲಿ ವಾಲ್ಯೂಮ್ ಬಟನ್ನಿಗೂ ಜಾಗ ಬಿಡದಷ್ಟು ಕೆಳಗಿಳಿಯಿತು.

ಅಲ್ಲಿಂದಾಚೆ ಇಳಿಮುಖ. 2023ರಲ್ಲಿ ಗೂಗಲ್ ಪಿಕ್ಸೆಲ್ 8 ಪ್ರೊ ಸಪಾಟಾಯಿತು. 2024ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್24 ಅಲ್ಟ್ರಾ ಸಪಾಟಾಯಿತು. ಪೆನ್ನಿನಲ್ಲಿ ಬರೆಯುವ ಫೋನಿನ ಅಂಚು ಜಾರುತ್ತಿದ್ದರೆ ಬರೆಯುವವನು ಏನು ಮಾಡಬೇಕು, ನೀವೇ ಹೇಳಿ. ತಮಾಷೆ ಅಂದರೆ ದೊಡ್ಡವರು ಕರ್ವ್ ಬಿಡುವ ಹೊತ್ತಿಗೇ ಅದು ಅಗ್ಗದ ಫೋನುಗಳಿಗೆ ಇಳಿಯಿತು. 2022ರ ಡಿಸೆಂಬರ್‌ನಲ್ಲಿ ರಿಯಲ್‌ಮಿ 10 ಪ್ರೊ ಪ್ಲಸ್ 24,999ಕ್ಕೆ, ಮರುವರ್ಷ ಮೇನಲ್ಲಿ ಲಾವಾ ಅಗ್ನಿ 2 21,999ಕ್ಕೆ, 2024ರ ಮಾರ್ಚ್‌ನಲ್ಲಿ ಲಾವಾ ಬ್ಲೇಝ್ ಕರ್ವ್ 17,999ಕ್ಕೆ. ಸಿರಿವಂತರ ಗುರುತು ಹದಿನೆಂಟು ಸಾವಿರಕ್ಕೆ ಸಿಕ್ಕರೆ ಅದು ಗುರುತಾಗಿ ಉಳಿಯುವುದಿಲ್ಲ. ದೊಡ್ಡ ಕಂಪನಿಗಳು ಬಿಟ್ಟಿದ್ದರಲ್ಲಿ ಗಿರಾಕಿಯ ಬೈಗುಳದಷ್ಟೇ ಇದರ ಪಾಲೂ ಇದೆ ಅಂತ ನನ್ನ ಅನಿಸಿಕೆ.

ಜನ ಯಾಕೆ ಬೈಯುತ್ತಾರೆ? ನನ್ನ ಟೇಬಲ್ಲಿನ ಮುಂದೆ ನಿಂತು ಬೈಯುವವರದನ್ನೇ ಹೇಳುತ್ತೇನೆ. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಅಡತಿಯ ಗುಮಾಸ್ತರೊಬ್ಬರು ಇದ್ದಾರೆ, ದಿನವಿಡೀ ರೇಟು ಕಳಿಸುವುದೇ ಕೆಲಸ. "ತಮ್ಮಾ, ನಾ ಒತ್ತೂದು ಒಂದು, ಅದು ತಗೊಳ್ಳೂದು ಇನ್ನೊಂದು" ಅಂದರು. ಹಿಡಿದ ಅಂಗೈ ಪಕ್ಕದ ಪರದೆಗೆ ತಾಗುತ್ತದೆ, ಫೋನ್ ಅದನ್ನೂ ಬೆರಳು ಅಂದುಕೊಳ್ಳುತ್ತದೆ. ಹಾಗಾಗದಿರಲಿ ಅಂತ ಕಂಪನಿಯವರು ಅಂಚಿನ ಸ್ಪರ್ಶವನ್ನು ಸಾಫ್ಟ್‌ವೇರಿನಲ್ಲಿ ಮಂದ ಮಾಡುತ್ತಾರೆ. ಆಗ ಕೀಬೋರ್ಡಿನ ತುದಿಯ ಅಕ್ಷರಗಳು ನಿಜವಾಗಿ ಒತ್ತಿದರೂ ಬೀಳುವುದಿಲ್ಲ. ಇನ್ನು ನಮ್ಮೂರ ಬಿಸಿಲು. ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟುವ ಊರು ಇದು. ರಸ್ತೆಯಲ್ಲಿ ನಿಂತು ಫೋನ್ ತೆಗೆದರೆ ಬಾಗಿದ ಅಂಚಿನುದ್ದಕ್ಕೂ ಬಿಸಿಲು ಬಿಳಿ ಗೆರೆ ಎಳೆದಿರುತ್ತದೆ. ಬೈಕಿನ ಹೋಲ್ಡರ್ ಪಕ್ಕದಿಂದ ಹಿಡಿದು ಬಿಗಿಯುವುದೂ ಆ ಗಾಜನ್ನೇ.

ಹಾಗಂತ ಮೆಚ್ಚುವವರೇ ಇಲ್ಲ ಅಂತಲ್ಲ. ಪಿಡಿಎ ಕಾಲೇಜಿನ ಹುಡುಗನೊಬ್ಬ ಬಿರುಕು ಬಿಟ್ಟ ಕರ್ವ್ ಫೋನ್ ತಂದು ಡಿಸ್ಪ್ಲೇ ಹಾಕಿಸಿಕೊಂಡ. ಮುಂದಿನ ಸಲ ಫ್ಲಾಟ್ ತಗೋ ಅಂದೆ. "ಇಲ್ಲರಿ ಅಣ್ಣಾ, ಕೈಯಾಗ ಹಿಡದ್ರ ಛಂದ ಅನಸ್ತದ, ಮತ್ತ ಇದನ್ನ ತಗೋತೀನಿ" ಅಂದ. ಅದಕ್ಕೆ ಎದುರು ಮಾತಿಲ್ಲ. ಪಕ್ಕದಿಂದ ಬೆರಳೆಳೆದು ಹಿಂದಕ್ಕೆ ಹೋಗುವಾಗ ಅಂಚು ಚುಚ್ಚುವುದಿಲ್ಲ, ಅದೂ ನಿಜ.

ನನ್ನ ತಕರಾರು ಎಲ್ಲಕ್ಕಿಂತ ಹೆಚ್ಚು ಗ್ಲಾಸ್ ಹಾಕುವುದರಲ್ಲಿ. ಫೋನ್ ತೆಗೆದುಕೊಂಡವರು ಅವತ್ತೇ ಬಂದು "ಗ್ಲಾಸ್ ಹಾಕ್ರಿ" ಅನ್ನುತ್ತಾರೆ. ಸಪಾಟು ಫೋನಿಗೆ ನೂರು, ನೂರೈವತ್ತರ ಟೆಂಪರ್ಡ್ ಗ್ಲಾಸ್, ಒರೆಸಿ ಇಟ್ಟರೆ ತಾನೇ ಹರಡಿ ಕೂರುತ್ತದೆ, ಬಿದ್ದರೆ ತಾನು ಒಡೆದು ಡಿಸ್ಪ್ಲೇ ಉಳಿಸುತ್ತದೆ. ಬಾಗಿದ್ದಕ್ಕೆ ಮೂರು ದಾರಿ, ಮೂರರಲ್ಲೂ ಕೊರತೆ. ಬಾಗಿಸಿದ ಗ್ಲಾಸ್ ಬರುತ್ತದೆ, ಪೊಟ್ಟಣದ ಮೇಲೆ ಎಷ್ಟೋ ಡಿ ಅಂತ ಬರೆದಿರುತ್ತದೆ, ಆ ಡಿಗಳಿಗೆ ಅರ್ಥವಿಲ್ಲ. ಅದಕ್ಕೆ ಅಂಟು ಇರುವುದು ಸುತ್ತಲಿನ ಅಂಚಿಗೆ ಮಾತ್ರ. ನಡುವೆ ಗಾಳಿ ನಿಲ್ಲುತ್ತದೆ, ಟಚ್ ಮಂದ, ಪರದೆಯೊಳಗಿನ ಫಿಂಗರ್‌ಪ್ರಿಂಟ್ ಕೈಕೊಡುತ್ತದೆ. ನಮ್ಮ ಕಡೆಯ ಎರೆಮಣ್ಣಿನ ಧೂಳು ವಾರದೊಳಗೆ ಅಂಚಿನಡಿ ಸೇರಿ ಕಪ್ಪು ಗೆರೆಯಾಗುತ್ತದೆ.

ಬೆರಳಿಗೂ ಪರದೆಗೂ ನಡುವೆ ಏನಿದೆ ಅನ್ನುವುದನ್ನು ಹಗುರವಾಗಿ ನೋಡಬೇಡಿ. 2019ರ ಅಕ್ಟೋಬರ್‌ನಲ್ಲಿ ಗ್ಯಾಲಕ್ಸಿ ಎಸ್10ರ ಪರದೆ ಮೇಲೆ ಕೆಲವು ಸಿಲಿಕೋನ್ ಕವರ್ ಹಾಕಿದರೆ ಯಾರ ಬೆರಳಿಟ್ಟರೂ ಫೋನ್ ತೆರೆದುಕೊಳ್ಳುತ್ತಿತ್ತು. ಶಬ್ದದ ಅಲೆಯಿಂದ ಬೆರಳು ಓದುವ ಸೆನ್ಸರ್ ಅದು, ಕವರಿನ ಒಳಮೈಯ ವಿನ್ಯಾಸವನ್ನೇ ಬೆರಳಿನ ಗೆರೆ ಅಂದುಕೊಂಡಿತ್ತು. ಸ್ಯಾಮ್‌ಸಂಗ್ ಆಮೇಲೆ ಅಪ್‌ಡೇಟ್ ಕೊಟ್ಟು ಸರಿಮಾಡಿತು.

ಎರಡನೆಯ ದಾರಿ ಯುವಿ ಗ್ಲಾಸ್. ಪರದೆ ಮೇಲೆ ಅಂಟಿನ ದ್ರವ ಸುರಿದು, ಗ್ಲಾಸ್ ಇಟ್ಟು, ಅದು ಮೂಲೆಮೂಲೆಗೂ ಹರಡುವ ತನಕ ಕಾದು, ನೇರಳೆ ಬೆಳಕಿನ ಟಾರ್ಚ್ ಹಿಡಿದು ಗಟ್ಟಿ ಮಾಡುವುದು. ಚೆನ್ನಾಗಿ ಕೂತರೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಫಿಂಗರ್‌ಪ್ರಿಂಟೂ ಕೆಲಸ ಮಾಡುತ್ತದೆ, ಹೊಸದಾಗಿ ಬೆರಳು ನೋಂದಾಯಿಸಿದರೆ ಸಾಕು. ಆದರೆ ದ್ರವ ಹೆಚ್ಚಾದರೆ ಇಯರ್‌ಪೀಸ್ ಜಾಲರಿಗೆ, ಬಟನ್ ಸಂದಿಗೆ ಇಳಿದು ಅಲ್ಲೇ ಕಲ್ಲಾಗುತ್ತದೆ. ಯುವಿ ಅಂಟು ಬಳಸಬೇಡಿ ಅಂತ ಕೆಲವು ಫೋನ್ ಕಂಪನಿಗಳೇ ಎಚ್ಚರಿಸಿವೆ, ಹಾಳಾದರೆ ವಾರಂಟಿಗೂ ತಕರಾರು. ಬೆಲೆ ಸಾದಾ ಗ್ಲಾಸಿನ ಮೂರು ನಾಲ್ಕು ಪಟ್ಟು. ಕೇಳಿದ ಕೂಡಲೇ "ಅಯ್ಯ, ಒಂದು ಗ್ಲಾಸಿಗಿ ಇಷ್ಟಾ?" ಅನ್ನದವರು ಅಪರೂಪ. ಮೂರನೆಯದು ಹೈಡ್ರೋಜೆಲ್ ಫಿಲ್ಮ್ ಅನ್ನುವ ಮೆತ್ತನೆಯ ಪ್ಲಾಸ್ಟಿಕ್ ಹಾಳೆ, ಮಷೀನಿನಲ್ಲಿ ಆ ಮಾಡೆಲಿನ ಆಕಾರಕ್ಕೆ ಕತ್ತರಿಸಿ ಹಚ್ಚುತ್ತೇವೆ. ಗೀರು ತಡೆಯುತ್ತದೆ, ಬಿದ್ದರೆ ಏನನ್ನೂ ತಡೆಯುವುದಿಲ್ಲ.

ಬೀಳುವುದಂತೂ ಬೀಳುತ್ತದೆ. ಸಪಾಟು ಫೋನ್ ಶಾಲೆಯ ಹಳೇ ಪಾಟಿಯಂತೆ, ಸುತ್ತಲಿನ ಕಟ್ಟು ಮೊದಲ ಪೆಟ್ಟು ತಿನ್ನುತ್ತದೆ. ಬಾಗಿದ್ದರಲ್ಲಿ ಪಕ್ಕಕ್ಕೆ ಬಿದ್ದರೆ ನೆಲಕ್ಕೆ ತಾಗುವುದೇ ಗಾಜು, ಕವರಿನ ತುಟಿಯೂ ಅಲ್ಲಿ ತೆಳ್ಳಗೆ. ಆಮೇಲೆ ರಿಪೇರಿ. ಸಪಾಟು ಓಎಲ್ಇಡಿಯಲ್ಲಿ ಮೇಲಿನ ಗಾಜಷ್ಟೇ ಒಡೆದಿದ್ದರೆ ಅದನ್ನು ಬಿಡಿಸಿ ಬೇರೆ ಹಾಕುವವರು ಊರಲ್ಲೇ ಸಿಗುತ್ತಾರೆ. ಬಾಗಿದ್ದಕ್ಕೆ ಪ್ರತಿ ಮಾಡೆಲಿಗೂ ಬೇರೆ ಅಚ್ಚು ಬೇಕು, ಬಿಡಿಸುವಾಗ ಅಂಚಿನಲ್ಲಿ ಪ್ಯಾನೆಲ್ಲೇ ಸಾಯುವುದು ಹೆಚ್ಚು. ಕೊನೆಗೆ ಪೂರ್ತಿ ಫೋಲ್ಡರ್ರೇ, ಅಂದರೆ ಗಾಜು, ಪ್ಯಾನೆಲ್ ಕೂಡಿದ ಇಡೀ ಡಿಸ್ಪ್ಲೇಯನ್ನೇ ಬದಲಿಸಬೇಕು. ಹೈದರಾಬಾದಿನಿಂದ ತರಿಸಿ ಹಾಕಿದರೆ ಫೋನಿನ ಬೆಲೆಯ ಮೂರನೇ ಒಂದು ಪಾಲು ದಾಟುವುದು ಹೊಸದಲ್ಲ. ಅಗ್ಗ ಅಂತ ಎಲ್‌ಸಿಡಿ ಕಾಪಿ ಹಾಕಿಸಿದರೆ ಪರದೆಯೊಳಗಿನ ಫಿಂಗರ್‌ಪ್ರಿಂಟ್ ಹೋಯಿತು ಅಂತಲೇ ತಿಳಿಯಿರಿ. ಲಕ್ಷದ ಫೋನ್ ಕೊಂಡವರು ಈ ಖರ್ಚು ತಡೆದುಕೊಂಡಾರು, ಇಪ್ಪತ್ತು ಸಾವಿರದ ಫೋನಿಗೆ ಏಳೆಂಟು ಸಾವಿರದ ಡಿಸ್ಪ್ಲೇ ಹಾಕಿಸುವವರ ಮುಖ ನೋಡಲಾಗುವುದಿಲ್ಲ. ಮೂವತ್ತು ಸಾವಿರದೊಳಗೆ ಫ್ಲಾಟ್ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಈ ಬೆಲೆಯಲ್ಲಿ ಕರ್ವ್ ಕೊಟ್ಟ ಕಂಪನಿ ಆ ಖರ್ಚನ್ನು ಇನ್ನೆಲ್ಲೋ ಉಳಿಸಿರುತ್ತದೆ ಅನ್ನುವುದನ್ನೂ ನೋಡಿ. ಅದೇ ದುಡ್ಡಿಗೆ ಪಕ್ಕದ ಸಪಾಟು ಫೋನಿನ ಪ್ರೊಸೆಸರ್, ಎರಡನೇ ಕ್ಯಾಮೆರಾ, ಎಷ್ಟು ವರ್ಷ ಅಪ್‌ಡೇಟ್ ಅನ್ನುವುದನ್ನು ಎದುರುಬದುರು ಇಟ್ಟು ನೋಡಿದರೆ ಸಾಮಾನ್ಯವಾಗಿ ಗೊತ್ತಾಗಿಬಿಡುತ್ತದೆ.

ಇಷ್ಟೆಲ್ಲ ಓದಿಯೂ ಕರ್ವೇ ಬೇಕು ಅನ್ನಿಸಿದರೆ ನಾಲ್ಕೂ ಕಡೆ ಅಲ್ಪ ಇಳಿದ ಮಾಡೆಲ್ ಹುಡುಕಿ, ಅದಕ್ಕೆ ಗ್ಲಾಸ್ ಕೂರುವುದು ವಾಸಿ. ದುಡ್ಡು ಕೊಡುವ ಮುಂಚೆ ಹತ್ತಿರದ ಕವರ್ ಅಂಗಡಿಗೆ ಹೋಗಿ ಆ ಮಾಡೆಲಿನ ಗ್ಲಾಸ್ ಇದೆಯೇ ಅಂತ ಕೇಳಿ, ಇದ್ದರೆ ಕೈಗೆ ತೆಗೆದುಕೊಂಡು ನೋಡಿ. "ತರಿಸಿ ಕೊಡ್ತೀವಿ" ಅಂದರೆ ಒಡೆದಾಗ ಡಿಸ್ಪ್ಲೇಗೂ ಅದೇ ಮಾತು ಕೇಳಬೇಕಾಗುತ್ತದೆ. ಯುವಿ ಗ್ಲಾಸ್ ಹಾಕಿಸುವುದಾದರೆ ಫೋನ್ ಆಫ್ ಮಾಡಿಸಿ, ಇಯರ್‌ಪೀಸ್ ಮತ್ತು ಪಕ್ಕದ ಬಟನ್ನಿಗೆ ಟೇಪ್ ಹಚ್ಚಿದ ಮೇಲೆಯೇ ಬಾಟಲಿ ತೆರೆಯಲು ಬಿಡಿ.