ಡಬ್ಬ ಸ್ಪೀಕರಿಗೆ ಒಗ್ಗಬೇಕು: ಬಾಸ್ ಗಿಟಾರ್ ಕ್ಯಾಬಿನೆಟ್ ಬಗ್ಗೆ ನಾಲ್ಕು ಪ್ರಶ್ನೆ

ಪ್ರಶ್ನೆ: ದಾವಣಗೆರೆಯ ಒಂದು ಆರ್ಕೆಸ್ಟ್ರಾ ತಂಡದಲ್ಲಿ ಬಾಸ್ ಗಿಟಾರ್ ನುಡಿಸುತ್ತೇನೆ. 200 ವ್ಯಾಟಿನ ಟ್ರಾನ್ಸಿಸ್ಟರ್ ಆಂಪ್ ಇದೆ, ಬೆನ್ನಿನಲ್ಲಿ ‘ಕನಿಷ್ಠ 4 ಓಮ್’ ಎಂದು ಬರೆದಿದೆ. ರೆಡಿಮೇಡ್ ಕ್ಯಾಬಿನೆಟ್ ಕೊಳ್ಳುವಷ್ಟು ದುಡ್ಡಿಲ್ಲ. ಗೆಳೆಯನ ಹತ್ತಿರ ಹಳೇ ಡಿಜೆ ಬಾಕ್ಸಿನ ಖಾಲಿ ಡಬ್ಬ ಬಿದ್ದಿದೆ. ಅಂಗಡಿಯಲ್ಲಿ ‘1000 ವ್ಯಾಟ್’ ಎಂದು ಬರೆದ 15 ಇಂಚಿನ ಸ್ಪೀಕರ್ ತೋರಿಸಿದರು. ಅದನ್ನು ಇದರೊಳಗೆ ಕೂರಿಸಿದರೆ ಆಯಿತಲ್ಲವೇ? ಅಥವಾ 10 ಇಂಚಿನ ನಾಲ್ಕು ಹಾಕಿದರೆ ಒಳ್ಳೆಯದೇ? ಮನೆ ಪಕ್ಕದಲ್ಲೇ ಬಡಗಿ ಇದ್ದಾರೆ, ಹೊಸದಾಗಿ ಮಾಡಿಸಲೂ ತಯಾರಿದ್ದೇನೆ.

ಉತ್ತರ: ಕೂರಿಸಿದರೆ ಸದ್ದು ಬರುತ್ತದೆ, ಬಾಸ್ ಬರುತ್ತದೋ ಇಲ್ಲವೋ ಎನ್ನುವುದು ಅದೃಷ್ಟ. ನನ್ನ ಮೊದಲ ಕ್ಯಾಬಿನೆಟ್ಟನ್ನು ನಾನೂ ಹೀಗೇ ಮಾಡಿದ್ದು. ಇದ್ದ ಡಬ್ಬಕ್ಕೆ ಸಿಕ್ಕ ಸ್ಪೀಕರ್ ತುರುಕಿದೆ. ಒಂದೇ ಒಂದು ಸ್ವರ ಗುಂಯ್ ಎಂದು ಎದ್ದು ನಿಲ್ಲುತ್ತಿತ್ತು, ಉಳಿದವು ಎಲ್ಲಿ ಹೋದವೋ ಗೊತ್ತಾಗುತ್ತಿರಲಿಲ್ಲ. ಆಂಪಿನ ತಪ್ಪೆಂದು ಎರಡು ವರ್ಷ ಅದನ್ನೇ ಬೈದೆ.

ಮೊದಲು ಆ 1000 ವ್ಯಾಟಿನ ವಿಷಯ. ಸ್ಪೀಕರಿನ ಮೇಲಿನ ವ್ಯಾಟ್, ಅದರ ವಾಯ್ಸ್ ಕಾಯಿಲ್ (ಒಳಗಿನ ತಂತಿಯ ಸುರುಳಿ) ಸುಡದೆ ಎಷ್ಟು ಬಿಸಿ ತಡೆಯುತ್ತದೆ ಎನ್ನುವ ಲೆಕ್ಕ ಅಷ್ಟೇ. ಎಷ್ಟು ಜೋರು, ಎಷ್ಟು ಕೆಳಸ್ವರ ಎನ್ನುವುದನ್ನು ಅದು ಹೇಳುವುದೇ ಇಲ್ಲ. ಜೋರಿಗೆ ನೋಡಬೇಕಾದದ್ದು ಸೆನ್ಸಿಟಿವಿಟಿ, ಅಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬುದು. 97 ಡೆಸಿಬೆಲ್‌ನ ಸ್ಪೀಕರ್ 200 ವ್ಯಾಟಿನಲ್ಲಿ ಮಾಡುವ ಸದ್ದನ್ನು 94ರ ಸ್ಪೀಕರಿನಿಂದ ತೆಗೆಯಲು 400 ವ್ಯಾಟ್ ಬೇಕು. ಮೂರು ಡೆಸಿಬೆಲ್ ಕಾಗದದ ಮೇಲೆ ಸಣ್ಣದು, ಆಂಪ್ ಕೊಳ್ಳುವಾಗ ದೊಡ್ಡದು.

ಕೆಳಸ್ವರದ ಕಥೆ ಬೇರೆ. ನಿಮ್ಮ ನಾಲ್ಕು ತಂತಿಯ ಬಾಸಿನ ಅತಿ ಕೆಳಗಿನ ಇ ತಂತಿ ಬಿಟ್ಟು ಮೀಟಿದರೆ 41 ಹರ್ಟ್ಜ್ (ಸೆಕೆಂಡಿಗೆ 41 ಕಂಪನ), ಐದು ತಂತಿಯದಾದರೆ ಬಿ ತಂತಿ 31 ಹರ್ಟ್ಜ್. ಅಲ್ಲಿ ಕೆಲಸ ಮಾಡುವುದು ತಳ್ಳುವ ಗಾಳಿಯ ಪ್ರಮಾಣ: ಕೋನಿನ (ಸ್ಪೀಕರಿನ ಮುಂದೆ ಕಾಣುವ, ಅಲುಗುವ ಶಂಕುವಿನ) ವಿಸ್ತೀರ್ಣ ಗುಣಿಸು ಅದು ಮುಂದೆ ಹಿಂದೆ ಓಡಾಡುವ ದೂರ. ಅದೇ ಜೋರಿನಲ್ಲಿ ಒಂದು ಸಪ್ತಕ ಕೆಳಗಿಳಿದರೆ ಕೋನ್ ನಾಲ್ಕು ಪಟ್ಟು ಓಡಬೇಕು. ಅದು ಹದ್ದುಮೀರದೆ ಓಡಬಲ್ಲ ದೂರಕ್ಕೆ ಎಕ್ಸ್‌ಮ್ಯಾಕ್ಸ್ ಎನ್ನುತ್ತಾರೆ. ಇದು ಮೂರು ಮಿಲಿಮೀಟರ್ ಇದ್ದರೆ, ಸ್ಪೀಕರ್ ಮೇಲೆ ಸಾವಿರ ಬರೆದಿರಲಿ ಎರಡು ಸಾವಿರ ಬರೆದಿರಲಿ, 40 ಹರ್ಟ್ಜ್ ಹತ್ತಿರ ನೂರಿನ್ನೂರು ವ್ಯಾಟಿಗೇ ಅದರ ಓಟ ಮುಗಿದುಬಿಡಬಹುದು. ಬಾಸಿಗೆ 5 ಮಿಲಿಮೀಟರಿಗೆ ಕಡಿಮೆ ಇರುವುದನ್ನು ನಾನು ಆರಿಸುವುದಿಲ್ಲ. ಲೀಡ್ ಗಿಟಾರಿನ ಸ್ಪೀಕರಂತೂ ಬೇಡವೇ ಬೇಡ. ಅವುಗಳ ಓಟ ಬಹಳ ಚಿಕ್ಕದು, ಅನುರಣನವೇ (ಕೋನ್ ತನ್ನಷ್ಟಕ್ಕೆ ಅಲುಗುವ ಆವರ್ತನ) 75 ಹರ್ಟ್ಜ್ ಆಸುಪಾಸಿನಲ್ಲಿರುತ್ತದೆ.

ಇನ್ನು 15 ಇಂಚೋ, 10 ಇಂಚೋ. 10 ಇಂಚಿನ ಕೋನಿನ ವಿಸ್ತೀರ್ಣ ಸುಮಾರು 350 ಚದರ ಸೆಂಟಿಮೀಟರ್, 12 ಇಂಚಿನದು 530, 15 ಇಂಚಿನದು 850. ಅಂದರೆ 12 ಇಂಚಿನ ಎರಡು ಸೇರಿದರೆ ಒಂದು 15 ಇಂಚನ್ನು ಮೀರಿಸುತ್ತವೆ, 10 ಇಂಚಿನ ನಾಲ್ಕು ಇನ್ನೂ ಮುಂದೆ. ‘15 ಇಂಚು ಅಂದರೆ ಆಳ, 10 ಇಂಚು ಅಂದರೆ ಚುರುಕು’ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಅಳತೆಯೊಂದರಿಂದ ಹಾಗೆ ತೀರ್ಮಾನಿಸಲಾಗದು. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ಹೊರತಂದು, ಮರುವರ್ಷ ಅದಕ್ಕಾಗಿ ಬಾಸ್‌ಮನ್ ಆಂಪ್ ಮಾಡಿದಾಗ ಅದರಲ್ಲಿದ್ದುದು ಒಂದೇ 15 ಇಂಚಿನ ಸ್ಪೀಕರ್. ಕೆಲವೇ ವರ್ಷಗಳಲ್ಲಿ ಅದು ನಾಲ್ಕು 10 ಇಂಚಿಗೆ ಬದಲಾಯಿತು. 1969ರಲ್ಲಿ ಅಮೆರಿಕದ ಆಂಪೆಗ್ ಕಂಪನಿಯ 300 ವ್ಯಾಟಿನ ಎಸ್‌ವಿಟಿ ಬಂದಾಗ ಅದರ ಜೊತೆಯ ಕ್ಯಾಬಿನೆಟ್ಟಿನಲ್ಲಿ 10 ಇಂಚಿನವು ಎಂಟು. ಆಳೆತ್ತರದ ಆ ಫ್ರಿಜ್ಜಿನಂಥ ಡಬ್ಬವನ್ನು ರಾಕ್ ವೇದಿಕೆಗಳ ಫೋಟೋಗಳಲ್ಲಿ ನೀವು ನೋಡಿಯೇ ಇರುತ್ತೀರಿ. ಅದು ಪೂರ್ತಿ ಮುಚ್ಚಿದ ಡಬ್ಬ. ಈಗಿನ ಮಾದರಿಗೆ ಕಂಪನಿಯೇ ಕೊಡುವ ಅಂಕಿ ಪ್ರಕಾರ 58 ಹರ್ಟ್ಜ್‌ಗೇ 3 ಡೆಸಿಬೆಲ್ ಕುಸಿಯುತ್ತದೆ, 40ಕ್ಕೆ ಬರುವಾಗ 10 ಡೆಸಿಬೆಲ್. ಇ ತಂತಿಯ ಮೂಲಸ್ವರವೇ ಅರ್ಧ ಮಾಯ! ಆದರೂ ಐವತ್ತು ವರ್ಷದಿಂದ ಯಾರೂ ದೂರು ಕೊಟ್ಟಿಲ್ಲ. ಯಾಕೆಂದರೆ ಬಾಸ್ ತಂತಿಯ ಶಕ್ತಿ ಹೆಚ್ಚಾಗಿ ಎರಡನೇ ಮೂರನೇ ಹಾರ್ಮೋನಿಕ್‌ಗಳಲ್ಲಿ (ಮೂಲಸ್ವರದ ಎರಡು, ಮೂರು ಪಟ್ಟು ಆವರ್ತನದ ಸ್ವರಗಳಲ್ಲಿ), ಅಂದರೆ 82 ಮತ್ತು 123 ಹರ್ಟ್ಜ್‌ನಲ್ಲಿ ಇರುತ್ತದೆ. ಅವು ಸರಿಯಾಗಿ ಕೇಳಿದರೆ ಮೂಲಸ್ವರವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಹಾಗಾಗಿ 31 ಹರ್ಟ್ಜ್ ತನಕ ಎಲ್ಲ ಸ್ವರವೂ ಒಂದೇ ಜೋರಿನಲ್ಲಿ ಬರಬೇಕೆಂದು ಹಟ ಹಿಡಿದು ಬೀರುವಿನಷ್ಟು ಡಬ್ಬ ಮಾಡಿಸಬೇಡಿ.

ಈಗ ಡಬ್ಬ. ಹಳೇ ಡಿಜೆ ಡಬ್ಬವನ್ನು ಯಾರೋ ಬೇರೆ ಸ್ಪೀಕರಿಗಾಗಿ ಅಳೆದಿರುತ್ತಾರೆ, ಅಥವಾ ಯಾರೂ ಅಳೆದೇ ಇರುವುದಿಲ್ಲ. ಬೇರೆಯವರ ಅಳತೆಗೆ ಹೊಲಿದ ಅಂಗಿ ಅದು. ಸ್ಪೀಕರಿಗೆ ತಕ್ಕ ಡಬ್ಬವನ್ನು ಲೆಕ್ಕ ಹಾಕಿ ಹೇಳುವ ದಾರಿಯನ್ನು 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್ ತೋರಿಸಿದರು. 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಪೂರ್ತಿಗೊಳಿಸಿದರು. ಒಳ್ಳೆಯ ತಯಾರಕರ ಮಾಹಿತಿ ಹಾಳೆಯಲ್ಲಿ ಈ ಥೀಲ್-ಸ್ಮಾಲ್ ಅಂಕಿಗಳು ಇದ್ದೇ ಇರುತ್ತವೆ. ಎಫ್‌ಎಸ್ ಎಂದರೆ ಕೋನ್ ತನ್ನಷ್ಟಕ್ಕೆ ಅನುರಣಿಸುವ ಆವರ್ತನ. ಕ್ಯೂಟಿಎಸ್ ಎಂದರೆ ಆ ಅಲುಗಾಟಕ್ಕೆ ಎಷ್ಟು ಕಡಿವಾಣ ಇದೆ ಎಂಬುದು. ವಿಎಎಸ್ ಎಂದರೆ ಕೋನಿನ ಮೃದುತ್ವಕ್ಕೆ ಸಮನಾದ ಗಾಳಿಯ ಲೀಟರ್ ಲೆಕ್ಕ. ಈ ಹಾಳೆ ಇಲ್ಲದ ಸ್ಪೀಕರ್ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಅಂಗಡಿಯವರು ‘ಹಾಳೆ ಯಾಕೆ ಸಾರ್, ಮ್ಯಾಗ್ನೆಟ್ ತೂಕ ನೋಡಿ’ ಎಂದರೆ ಒಂದು ನಮಸ್ಕಾರ ಹಾಕಿ ಬನ್ನಿ.

ಒಂದು ಲೆಕ್ಕ ಮಾಡೋಣ. 15 ಇಂಚಿನ ಸ್ಪೀಕರ್, ಎಫ್‌ಎಸ್ 42, ಕ್ಯೂಟಿಎಸ್ 0.40, ವಿಎಎಸ್ 120 ಲೀಟರ್ ಎಂದಿಟ್ಟುಕೊಳ್ಳಿ. ಪೂರ್ತಿ ಮುಚ್ಚಿದ ಡಬ್ಬವಾದರೆ 56 ಲೀಟರ್ ಸಾಕು. ಎತ್ತಲು ಹಗುರ, ಆದರೆ 74 ಹರ್ಟ್ಜ್‌ಗೇ 3 ಡೆಸಿಬೆಲ್ ಕುಸಿದಿರುತ್ತದೆ. ಪೋರ್ಟ್ (ಗಾಳಿ ಆಡಲು ಬಿಟ್ಟ ಪೈಪು) ಇರುವ ಡಬ್ಬವಾದರೆ ಸುಮಾರು 130 ಲೀಟರ್ ಬೇಕು, ಪೈಪಿನ ಅಳತೆ ಹೊಂದಿಸಿ 40 ಹರ್ಟ್ಜ್‌ಗೆ ಶ್ರುತಿ ಮಾಡಿದರೆ ಹೆಚ್ಚುಕಡಿಮೆ ಅಲ್ಲಿಯ ತನಕವೂ ಸ್ವರ ಇಳಿಯುತ್ತದೆ. ಚಿಕ್ಕ ಡಬ್ಬ, ಆಳವಾದ ಬಾಸ್, ಹೆಚ್ಚು ಸೆನ್ಸಿಟಿವಿಟಿ, ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಇದಕ್ಕೆ ಹಾಫ್‌ಮನ್ನರ ಕಬ್ಬಿಣದ ನಿಯಮ ಎಂದೇ ಹೆಸರು.

200 ವ್ಯಾಟಿನವರಾದ ನಿಮಗೆ ನಾನು ಪೋರ್ಟ್ ಡಬ್ಬವನ್ನೇ ಹೇಳುತ್ತೇನೆ. ಒಳ ಅಳತೆ 62, 50, 45 ಸೆಂಟಿಮೀಟರ್ ಇಟ್ಟರೆ 139.5 ಲೀಟರ್ ಆಗುತ್ತದೆ. ಸ್ಪೀಕರಿನ ಬೆನ್ನು, ಪೈಪು, ಒಳಗಿನ ಅಡ್ಡಪಟ್ಟಿಗಳು ಹತ್ತು ಲೀಟರ್ ತಿಂದರೂ 130 ಉಳಿಯುತ್ತದೆ. ಪೋರ್ಟಿಗೆ 10 ಸೆಂಟಿಮೀಟರ್ ಒಳವ್ಯಾಸದ ಎರಡು ಪಿವಿಸಿ ಪೈಪು, ಒಂದೊಂದೂ 15 ಸೆಂಟಿಮೀಟರ್ ಉದ್ದ. ನಲ್ಲಿ ಕೆಲಸದವರ ಹತ್ತಿರ ಉಳಿದ ತುಂಡುಗಳೇ ಸಾಕು. ಇಂಥದೇ ಚಿಕ್ಕ ಪೈಪು ಒಂದನ್ನು ಹಾಕಿ ಉಳಿತಾಯ ಮಾಡಲು ಹೋದರೆ ಜೋರು ಸ್ವರಕ್ಕೆ ಗಾಳಿ ಬುಸ್ ಎನ್ನುತ್ತದೆ. ಈ ಅಳತೆ ಮೇಲಿನ ಸ್ಪೀಕರಿಗೆ ಮಾತ್ರ. ನಿಮ್ಮ ಸ್ಪೀಕರಿನ ಅಂಕಿ ಬಂದ ಮೇಲೆ ಹೊಸದಾಗಿ ಲೆಕ್ಕ ಹಾಕಿ, ಅದಕ್ಕೆ ಉಚಿತ ಸಾಫ್ಟ್‌ವೇರ್‌ಗಳಿವೆ.

ಪೋರ್ಟ್ ಡಬ್ಬಕ್ಕೆ ಒಂದು ದುರ್ಗುಣ ಇದೆ. ಶ್ರುತಿ ಮಾಡಿದ 40 ಹರ್ಟ್ಜ್‌ಗಿಂತ ಕೆಳಗೆ ಕೋನಿಗೆ ಗಾಳಿಯ ಆಸರೆ ತಪ್ಪುತ್ತದೆ, ಕಡಿವಾಣ ಕಳಚಿದ ಕುದುರೆಯಂತೆ ಓಡುತ್ತದೆ. ತಂತಿಯನ್ನು ಬೆರಳಿನಿಂದ ಬಡಿದಾಗಿನ ಧಡ್ ಎಂಬ ಏಟಿನಲ್ಲಿ ಈ ಕೇಳದ ತಳಸದ್ದು ಬೇಕಾದಷ್ಟಿರುತ್ತದೆ. ಆಂಪಿನಲ್ಲಿ ಹೈಪಾಸ್ ಫಿಲ್ಟರ್ (ತಳದ ಆವರ್ತನ ತಡೆಯುವ ಸೌಲಭ್ಯ) ಇದ್ದರೆ 35 ಹರ್ಟ್ಜ್ ಸುತ್ತ ಕತ್ತರಿಸಿಬಿಡಿ, ಇಲ್ಲದಿದ್ದರೆ ಬಾಸ್ ಗುಂಡಿಯನ್ನು ಕೊನೆತನಕ ತಿರುಗಿಸಬೇಡಿ.

ಬಡಗಿಗೆ ಹೇಳಬೇಕಾದ ಮಾತುಗಳು ಕೆಲವಿವೆ. ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಬೇಡ. ಭಾರ, ಮೂಲೆ ಉದುರುತ್ತದೆ, ಗಣೇಶನ ಹಬ್ಬದ ಒಂದು ಮಳೆಗೆ ಉಬ್ಬಿಕೊಳ್ಳುತ್ತದೆ. ಬರ್ಚ್ ಪ್ಲೈ ಸಿಕ್ಕರೆ ಭಾಗ್ಯ, ಸಿಗದಿದ್ದರೆ ಐಎಸ್ 710 ಗುರುತಿನ ಮರೀನ್ ಪ್ಲೈವುಡ್. ಮುಂದಿನ ಹಲಗೆ 18 ಮಿಲಿಮೀಟರ್, ಉಳಿದವು 15. ದಪ್ಪಕ್ಕಿಂತ ಒಳಗಿನ ಅಡ್ಡಪಟ್ಟಿ ಮುಖ್ಯ. ಎದುರುಬದುರು ಹಲಗೆಗಳನ್ನು ನಡುವಿನಲ್ಲಿ ಒಂದಕ್ಕೊಂದು ಕಟ್ಟಿಹಾಕುವ ಪಟ್ಟಿ ಇದ್ದರೆ 12 ಮಿಲಿಮೀಟರ್ ಕೂಡ 18ಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ, ನಿಮ್ಮ ಬೆನ್ನೂ ಉಳಿಯುತ್ತದೆ. ಪ್ರತಿ ಸೇರುವೆಗೂ ಧಾರಾಳವಾಗಿ ಫೆವಿಕಾಲ್ ಹಚ್ಚಬೇಕು, ಬರೀ ಮೊಳೆ ಹೊಡೆದರೆ ಗಾಳಿ ಸೋರುತ್ತದೆ. ಸ್ಪೀಕರನ್ನು ಮರದ ಸ್ಕ್ರೂನಲ್ಲಿ ಬಿಗಿಯದೆ ಹಿಂದಿನಿಂದ ಟಿ-ನಟ್ (ಮರಕ್ಕೆ ಹಲ್ಲೂರಿ ಕೂರುವ ನಟ್) ಕೂರಿಸಿ ಬೋಲ್ಟ್ ಹಾಕಿಸಿ. ಪೋರ್ಟ್ ಡಬ್ಬದೊಳಗೆ ದಿಂಬಿನ ಪಾಲಿಯೆಸ್ಟರನ್ನು ಗೋಡೆಗಳಿಗೆ ಮಾತ್ರ ಒಂದಿಂಚು ಅಂಟಿಸಿ, ಪೈಪಿನ ಬಾಯಿಗೆ ಬರದಂತೆ. ಹತ್ತಿ ತುರುಕುವ ಉತ್ಸಾಹ ಎಲ್ಲ ಬಡಗಿಗಳಿಗೂ ಇರುತ್ತದೆ, ತಡೆಯಿರಿ.

ಮತ್ತೊಂದು ಮಾತು: 8 ಓಮಿನ ಸ್ಪೀಕರನ್ನೇ ಕೊಳ್ಳಿ. ಓಮ್ ಎಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ, ಅದು ಕಡಿಮೆಯಾದಷ್ಟೂ ಆಂಪಿಗೆ ಹೊರೆ ಹೆಚ್ಚು. ನಿಮ್ಮ ಆಂಪ್ ಅದಕ್ಕೆ ಪೂರ್ತಿ 200 ಕೊಡದು, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೊಡಬಹುದು. ಆದರೆ ಮುಂದೆ ದುಡ್ಡಾದಾಗ ಅಂಥದೇ ಇನ್ನೊಂದು ಡಬ್ಬ ಮಾಡಿಸಿ ಜೋಡಿಸಿದರೆ ಎರಡೂ ಸೇರಿ 4 ಓಮ್. ಪೂರ್ತಿ ವ್ಯಾಟೂ ಬರುತ್ತದೆ, ಕೋನೂ ಎರಡಾಗುತ್ತದೆ.

ಪ್ರಶ್ನೆ: ನನ್ನ ಹತ್ತಿರ 8 ಓಮಿನದೊಂದು, 4 ಓಮಿನದೊಂದು ಕ್ಯಾಬಿನೆಟ್ ಇದೆ. ಎರಡನ್ನೂ ಒಂದೇ ಆಂಪಿಗೆ ಹಾಕಬಹುದೇ? ಆಂಪಿಗೆ ಕನಿಷ್ಠ 4 ಓಮ್ ಬೇಕು. (ಮಂಗಳೂರು)

ಉತ್ತರ: ಬೇಡ. ಸಮಾಂತರವಾಗಿ ಸೇರಿದರೆ 2.67 ಓಮ್ ಆಗುತ್ತದೆ, ಆಂಪ್ ಬಿಸಿಯಾಗಿ ಕೈಕೊಡುತ್ತದೆ. 2 ಓಮ್ ತಡೆಯುವ ಆಂಪ್ ಇದ್ದರೂ, 4 ಓಮಿನ ಡಬ್ಬ ಇನ್ನೊಂದರ ಎರಡು ಪಟ್ಟು ವ್ಯಾಟ್ ಎಳೆದುಕೊಳ್ಳುತ್ತದೆ. ವಾಲ್ವ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆಗಳದ್ದು) ಇರುವವರು ಇನ್ನೊಂದು ನೆನಪಿಡಿ: ಅದನ್ನು ಸ್ಪೀಕರ್ ಜೋಡಿಸದೆ ಯಾವತ್ತೂ ನುಡಿಸಬಾರದು.

ಪ್ರಶ್ನೆ: ವೇದಿಕೆಯಲ್ಲಿ ಕ್ಯಾಬಿನೆಟ್ಟಿನ ಮುಂದೆಯೇ ನಿಂತರೂ ನನ್ನ ಬಾಸ್ ನನಗೇ ಕೇಳುವುದಿಲ್ಲ, ದೂರದಲ್ಲಿ ಕೂತವರು ಜಾಸ್ತಿಯಾಯಿತು ಎನ್ನುತ್ತಾರೆ. ಬಾಸಿನ ಅಲೆ 8 ಮೀಟರ್ ಉದ್ದ ಇರುವುದರಿಂದ ಅಷ್ಟು ದೂರ ಹೋದ ಮೇಲೇ ಅದು ರೂಪುಗೊಳ್ಳುತ್ತದೆ ಎಂದು ಸೌಂಡ್‌ನವರು ಹೇಳಿದರು. ನಿಜವೇ? (ಮೈಸೂರು)

ಉತ್ತರ: ಅಲೆಯ ಉದ್ದ ನಿಜ, 41 ಹರ್ಟ್ಜ್‌ಗೆ ಎಂಟು ಮೀಟರಿಗೂ ತುಸು ಹೆಚ್ಚು. ಉಳಿದದ್ದು ಕಟ್ಟುಕತೆ. ಹಾಗಿದ್ದರೆ ಕಿವಿಯೊಳಗೆ ಸಿಕ್ಕಿಸುವ ಇಯರ್‌ಫೋನಿನಲ್ಲಿ ಬಾಸ್ ಕೇಳಲೇಬಾರದಿತ್ತು. ಡಬ್ಬ ನೆಲದ ಮೇಲಿದೆ, ಸ್ಪೀಕರ್ ನಿಮ್ಮ ಮೊಣಕಾಲಿಗೆ ನುಡಿಸುತ್ತಿದೆ. ಕೆಳಸ್ವರ ಎಲ್ಲ ಕಡೆ ಹರಡುತ್ತದೆ, ಆದರೆ ಯಾವ ಸ್ವರ ಎಂದು ಗುರುತು ಹೇಳುವ ಮಧ್ಯದ ಆವರ್ತನಗಳು ಟಾರ್ಚಿನ ಬೆಳಕಿನಂತೆ ನೇರ ಹೋಗುತ್ತವೆ. ಅವು ಸಭಿಕರ ಕಿವಿಗೆ ಮುಟ್ಟುತ್ತವೆ, ನಿಮ್ಮದಕ್ಕಲ್ಲ. ಡಬ್ಬವನ್ನು ಕುರ್ಚಿಯೆತ್ತರಕ್ಕೆ ಏರಿಸಿ ಇಲ್ಲವೇ ಹಿಂದಕ್ಕೆ ವಾಲಿಸಿ. ಎರಡು ಸ್ಪೀಕರ್ ಇರುವ ಡಬ್ಬವನ್ನು ಅಡ್ಡ ಮಲಗಿಸದೆ ಒಂದರ ಮೇಲೊಂದು ಬರುವಂತೆ ನಿಲ್ಲಿಸಿ. ಅಡ್ಡ ಇಟ್ಟರೆ ಎಡಬಲದಲ್ಲಿ ನಿಂತವರಿಗೆ ಆ ಎರಡರಿಂದಲೂ ಬರುವ ಮಧ್ಯದ ಆವರ್ತನಗಳು ಒಂದನ್ನೊಂದು ಕಡಿದುಕೊಳ್ಳುತ್ತವೆ.

ಪ್ರಶ್ನೆ: ನಾನೇ ಕ್ಯಾಬಿನೆಟ್ ಮಾಡಿದ್ದೇನೆ. ಎ ತಂತಿಯ ಮೂರನೇ ಮನೆ ಒತ್ತಿದಾಗ ಮಾತ್ರ ಝರ್ರ್ ಎನ್ನುತ್ತದೆ. ಸ್ಪೀಕರ್ ಹಾಳಾಗಿದೆಯೇ? (ಧಾರವಾಡ)

ಉತ್ತರ: ಅಷ್ಟು ಬೇಗ ಸ್ಪೀಕರ್ ಬಿಚ್ಚಬೇಡಿ. ಒಂದೇ ಸ್ವರಕ್ಕೆ, ನಿಮ್ಮದರಲ್ಲಿ 65 ಹರ್ಟ್ಜ್ ಹತ್ತಿರ, ಝರ್ರ್ ಎಂದರೆ ಯಾವುದೋ ಸಡಿಲ ವಸ್ತು ಅದಕ್ಕೆ ತಾಳ ಹಾಕುತ್ತಿದೆ. ಆ ಸ್ವರವನ್ನು ಯಾರಿಗಾದರೂ ನುಡಿಸುತ್ತಿರಲು ಹೇಳಿ, ನೀವು ಹಿಡಿಕೆ, ಜಾಲರಿ, ಜ್ಯಾಕ್ ತಟ್ಟೆ ಒಂದೊಂದನ್ನೂ ಅಂಗೈಯಲ್ಲಿ ಒತ್ತಿ ನೋಡಿ. ಆಮೇಲೆ ಊದುಬತ್ತಿ ಹಚ್ಚಿ ಸೇರುವೆಗಳ ಉದ್ದಕ್ಕೂ, ಸ್ಪೀಕರಿನ ಅಂಚಿನ ಸುತ್ತಲೂ ಹಿಡಿಯಿರಿ. ಹೊಗೆ ನಡುಗಿದ ಕಡೆ ಗಾಳಿ ಸೋರುತ್ತಿದೆ ಎಂದು ಅರ್ಥ, ಅಲ್ಲಿ ಸಿಲಿಕಾನ್ ಅಥವಾ ಗ್ಯಾಸ್ಕೆಟ್ ಪಟ್ಟಿ ಹಾಕಿ. ಒಳಗಿನ ವೈರ್ ಕೋನಿನ ಬೆನ್ನಿಗೆ ತಾಗುತ್ತಿದ್ದರೂ ಇದೇ ಸದ್ದು. ಇದೆಲ್ಲ ಮಾಡುವ ಮೊದಲು ಡಬ್ಬವನ್ನು ಅಂಗಳಕ್ಕೆ ತಂದು ಒಮ್ಮೆ ನುಡಿಸಿ. ನಮ್ಮ ಅಭ್ಯಾಸದ ಕೋಣೆಯಲ್ಲಿ ಇಂಥದೇ ಝರ್ರ್‌ಗೆ ಎರಡು ಸಲ ಡಬ್ಬ ಬಿಚ್ಚಿ ಕಟ್ಟಿದ ಮೇಲೆ ಗೊತ್ತಾದದ್ದು, ಅದು ಡ್ರಮ್ಸ್‌ನವನು ಸ್ನೇರ್ ಡ್ರಮ್ಮಿನ ತಳದ ತಂತಿ ಸಡಿಲಿಸದೆ ಚಹಾಕ್ಕೆ ಹೋಗಿದ್ದ ಸದ್ದು ಎಂದು.